ಹನ್ನೆರಡೂವರೆ ಲಕ್ಷಕ್ಕೆ ಹೋದ ಊರು (ಕರಾವಳಿ ರಜೆ, ಭಾಗ 3)

ನಿನ್ನೆ ಸ್ಟೋರಿಲಿ ಈ ಕೋಟೆ ನೋಡಿ ಅರ್ಧ ಕ್ಲಾಸು "ಗೋವಾನಾ?" ಅಂತ ಕೇಳಿದ್ರಿ. ಅಲ್ಲ ಕಣ್ರೋ. ಇದು ತಮಿಳುನಾಡಿನ ತರಂಗಂಬಾಡಿ. ಮೈಸೂರಲ್ಲಿ ಸಂಜೆ ಟ್ರೈನ್ ಹತ್ತಿದ್ರೆ ಬೆಳಿಗ್ಗೆ ಮೈಲಾಡುದುರೈ, ಅಲ್ಲಿಂದ ಬಸ್ಸು. ಕೋಟೆ ಕಟ್ಟಿದ್ದು ಪೋರ್ಚುಗೀಸರಲ್ಲ, ಬ್ರಿಟಿಷರೂ ಅಲ್ಲ. ಡೆನ್ಮಾರ್ಕಿನವರು! ನಮ್ಮ ಹೈಸ್ಕೂಲ್ ಪಾಠದಲ್ಲಿ "ಡೇನರು" ಅಂತ ಒಂದೇ ಸಾಲು ಬಂದು ಹೋಗಿತ್ತು, ನೆನಪಿದ್ರೆ.

1620ರಲ್ಲಿ ತಂಜಾವೂರಿನ ರಘುನಾಥ ನಾಯಕರ ಜೊತೆ ಒಪ್ಪಂದ ಆಯ್ತು. ವರ್ಷಕ್ಕೆ 3,111 ರೂಪಾಯಿ ಬಾಡಿಗೆ. ನಾಯಕರು ಡೆನ್ಮಾರ್ಕಿನ ದೊರೆಗೆ ಚಿನ್ನದ ತಗಡಿನ ಮೇಲೆ ತಮಿಳಲ್ಲಿ ಬರೆಸಿದ ಪತ್ರ ಈಗಲೂ ಕೋಪನ್‌ಹೇಗನ್‌ನಲ್ಲಿದೆ. ಕಡಲ ಅಂಚಿಗೇ ಡ್ಯಾನ್ಸ್‌ಬೋರ್ಗ್ ಕೋಟೆ ಎದ್ದಿತು. ಕೆಳಗೆ ಗೋದಾಮು ಮತ್ತು ಜೈಲು, ಮೇಲೆ ಗವರ್ನರ್ ಮನೆ. ಸ್ಟಾಕು, ಕೈದಿ, ಮ್ಯಾನೇಜರು ಎಲ್ಲ ಒಂದೇ ಕಟ್ಟಡದಲ್ಲಿ. (1706ರಲ್ಲಿ ಬಂದ ಪಾದ್ರಿ ಜೀಗೆನ್‌ಬಾಲ್ಗ್‌ನನ್ನೂ ಕಮಾಂಡರ್ ಜೊತೆ ಜಗಳವಾಗಿ ಕೆಲವು ತಿಂಗಳು ಇಲ್ಲೇ ಕೂಡಿಹಾಕಿದ್ರು. ಆಮೇಲೆ ಇದೇ ಊರಲ್ಲಿ ಆತ ಬೈಬಲಿನ ಹೊಸ ಒಡಂಬಡಿಕೆಯನ್ನ ತಮಿಳಲ್ಲಿ ಅಚ್ಚು ಹಾಕಿಸಿದ. ಅದೇ ಒಂದು ದೊಡ್ಡ ಕಥೆ, ಇನ್ನೊಂದು ಸಲ ಹೇಳ್ತೀನಿ.)

ಬಿಕಾಂನವರೇ, ಈಗ ಕೇಳಿ. 1640ರ ದಶಕದ ಶುರುವಲ್ಲಿ ಬಂದ ಹಡಗಿನ ನಂತರ 25 ವರ್ಷಕ್ಕೂ ಹೆಚ್ಚು ಕಾಲ ಡೆನ್ಮಾರ್ಕಿಂದ ಒಂದೇ ಒಂದು ಹಡಗು ಬರಲಿಲ್ಲ. ಬಂಡವಾಳ ಇಲ್ಲ, ಸಂಬಳ ಇಲ್ಲ, ಕಾಗದ ಇಲ್ಲ. 1650ರಲ್ಲಿ ಕಂಪನಿಯನ್ನೇ ಮುಚ್ಚಿಬಿಟ್ರು. ಹೆಡ್ ಆಫೀಸೇ ಇಲ್ಲ, ಬ್ರಾಂಚ್ ಮಾತ್ರ ನಡೀತಾ ಇದೆ! ಗೋಯಿಂಗ್ ಕನ್ಸರ್ನ್ ಪಾಠಕ್ಕೆ ಇದಕ್ಕಿಂತ ವಿಚಿತ್ರ ಉದಾಹರಣೆ ನನಗಂತೂ ಸಿಕ್ಕಿಲ್ಲ. ಇದ್ದ ಡೇನರು ಒಬ್ಬೊಬ್ಬರೇ ಸತ್ತು, ಕೊನೆಗೆ ಕಾಂಗ್ಸ್‌ಬಾಕೆ ಅನ್ನೋ ಸಾಮಾನ್ಯ ಮನುಷ್ಯನ ಕೈಗೆ ಕೋಟೆ ಬಂತು. ಹೇಗೆ ನಡೆಸಿದ ಅಂದ್ರೆ, ಬಂಗಾಳದ ಹಡಗುಗಳನ್ನ ಹಿಡಿದು ಸರಕು ಮಾರಿ. ಗೈಡುಗಳು ಇದನ್ನ ಸಾಹಸ ಅಂತಾರೆ. ಸರಕು ಕಳ್ಕೊಂಡ ಬಂಗಾಳದ ವ್ಯಾಪಾರಿಯ ಲೆಕ್ಕದ ಪುಸ್ತಕದಲ್ಲಿ ಅದು ದರೋಡೆ. 1669ರಲ್ಲಿ ಹಡಗು ಬಂದಾಗ ಆತ ಇನ್ನೂ ಕೋಟೆಯಲ್ಲೇ ಇದ್ದ.

ಕೊನೆಗೆ 1845ರಲ್ಲಿ ಡೆನ್ಮಾರ್ಕಿಗೆ ಸಾಕಾಯ್ತು. ತರಂಗಂಬಾಡಿ, ಬಂಗಾಳದ ಸೆರಾಂಪುರ, ಜೊತೆಗೆ ಬಾಲಸೋರಿನ ಒಂದು ತುಂಡು ಜಾಗ, ಎಲ್ಲ ಸೇರಿಸಿ 12.5 ಲಕ್ಷ ರೂಪಾಯಿಗೆ ಈಸ್ಟ್ ಇಂಡಿಯಾ ಕಂಪನಿಗೆ ಮಾರಾಟ. ಬಾಡಿಗೆಗೆ ಹಿಡಿದ ಮನೆಯನ್ನ ಬಾಡಿಗೆದಾರನೇ ಮಾರಿದ ಹಾಗೆ. ಮಾಲೀಕ ಕೇಳಲ್ವಾ? ತಂಜಾವೂರಿನ ಆಡಳಿತ 1799ರಲ್ಲೇ ಬ್ರಿಟಿಷರ ಕೈ ಸೇರಿತ್ತು. ಊರಿನವರನ್ನಂತೂ ಯಾರೂ ಕೇಳಲಿಲ್ಲ.

ಮ್ಯೂಸಿಯಂ ಒಳಗೆ ನಿಂತಾಗ ನನಗೆ ನೆನಪಾಗಿದ್ದು ನಮ್ಮ ಅಂಗಡಿ. ಹೋದ ವರ್ಷ ಅಪ್ಪ ಅಂಗಡಿ ಬಿಟ್ಟುಕೊಟ್ಟಾಗ ಲಿಸ್ಟ್ ಬರೆದವಳು ನಾನೇ. ರ‍್ಯಾಕು, ತಕ್ಕಡಿ, ಫ್ರಿಜ್ಜು, ಉಳಿದ ಅಕ್ಕಿ ಮೂಟೆ. ಆಗಷ್ಟೇ ಕಲಿತಿದ್ದೆ ಅಂತ ಜಂಬದಲ್ಲಿ "ಗುಡ್‌ವಿಲ್" ಅಂತಾನೂ ಒಂದು ಸಾಲು ಸೇರಿಸಿದ್ದೆ. ತಗೊಳ್ಳೋರು ನಕ್ಕು ಅದನ್ನ ಪೆನ್ನಲ್ಲಿ ಹೊಡೆದುಹಾಕಿದ್ರು. ಅಪ್ಪ ಏನೂ ಅನ್ನಲಿಲ್ಲ. ಇಪ್ಪತ್ತೆರಡು ವರ್ಷ ಸಾಲ ಬರೆಸಿಕೊಂಡು ಹೋದವರೆಲ್ಲ ಆ ಒಂದು ಸಾಲಲ್ಲಿದ್ರು.

ಮಾರಾಟದ ನಂತರ ತರಂಗಂಬಾಡಿಗೂ ಅದೇ ಆಯ್ತು. ರೈಲು ಬಂದಿದ್ದು ಪಕ್ಕದ ನಾಗಪಟ್ಟಣಕ್ಕೆ, ವ್ಯಾಪಾರವೂ ಅಲ್ಲಿಗೇ ಹೋಯ್ತು. ಊರು ಇಷ್ಟು ಚಂದವಾಗಿ, ಖಾಲಿಯಾಗಿ, ಫೋಟೋಗೆ ಹೇಳಿ ಮಾಡಿಸಿದ ಹಾಗೆ ಉಳಿದಿರೋದು ಅದಕ್ಕೇ ಅನ್ನಿಸುತ್ತೆ. ಆದ್ರೆ ಮೀನುಗಾರರು ಎಲ್ಲಿಗೂ ಹೋಗಲಿಲ್ಲ. 2004ರ ಸುನಾಮಿ ಅವರ ಬೀದಿಗಳಿಗೇ ನುಗ್ಗಿತು. ಈಗಲೂ ಬೆಳಿಗ್ಗೆ ದೋಣಿ ಬರ್ತವೆ.

ಕೊನೆ ಫೋಟೋ ಕೋಟೆಯದ್ದಲ್ಲ. ಅಲ್ಲೇ ಹತ್ತಿರ, ದಡದ ಮೇಲಿರೋ ಮಾಸಿಲಾಮಣಿನಾಥರ್ ದೇವಸ್ಥಾನ. 1306ರದ್ದು, ಪಾಂಡ್ಯರ ಕಾಲ. ಡೇನರು ಬರೋಕೆ 300 ವರ್ಷ ಮೊದಲೇ ಇತ್ತು. ಮುಂಭಾಗವನ್ನ ಸಮುದ್ರ ಆಗಲೇ ತಿಂದುಹಾಕಿದೆ. ಅಲ್ಲಿ ಬಲೆ ಸರಿಮಾಡ್ತಾ ಕೂತಿದ್ದ ತಾತ, "ನೀವೆಲ್ಲ ಕೋಟೆ ಫೋಟೋ ತಗೊಂಡು ಹೋಗ್ತೀರಿ" ಅಂದ್ರು, ನನಗೆ ಅರ್ಥವಾದಷ್ಟು ತಮಿಳಲ್ಲಿ. ಅದಕ್ಕೇ ಇದನ್ನೂ ತಗೊಂಡೆ.