ಅದೇ ನೆಲ, ಅದೇ ಜನ: ನಮ್ಮ ಕರಾವಳಿ ಕಂಡ ಸರಕಾರಗಳು

ಜನ, ನಿಶ್ಚಿತ ಭೂಪ್ರದೇಶ, ಸರಕಾರ ಮತ್ತು ಪರಮಾಧಿಕಾರ, ಇವು ಒಂದು ರಾಜ್ಯದ ನಾಲ್ಕು ಮೂಲಾಂಶಗಳು. ಸಮಾಜ ವಿಜ್ಞಾನದ ಪರೀಕ್ಷೆಗೆಂದು ನಾವೆಲ್ಲ ಇದನ್ನು ಬಾಯಿಪಾಠ ಮಾಡಿದವರೇ. ಇದರ ಅರ್ಥ ತಿಳಿಯಲು ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಇತಿಹಾಸವೇ ಸಾಕು. ಇಲ್ಲಿ ನೆಲ ಮತ್ತು ಜನ ಉಳಿದವು. ಸರಕಾರ ಮತ್ತು ಪರಮಾಧಿಕಾರ ಮತ್ತೆ ಮತ್ತೆ ಬದಲಾದವು.

16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಈ ಸೀಮೆಯನ್ನು ಆಳಿದಳು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ಬಳಿಕ ಕೆಳದಿಯ ನಾಯಕರು ಬಂದರು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಕರಾವಳಿಯೂ ಅವನ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬಂತು. ಕಂಪನಿಯ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿ ಮುಖ್ಯವಾಗಿ ಕೈಹಾಕಿದ್ದು ಭೂಕಂದಾಯದ ಲೆಕ್ಕಕ್ಕೆ. ಅರಸರು ಯಾರೇ ಇರಲಿ, ರೈತನ ಪಾಲಿಗೆ ಸರಕಾರವೆಂದರೆ ಕಂದಾಯ ಕೇಳಲು ಬರುವವರು.

1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಭಟ್ಕಳ ದಾಟಿ ಶಿರೂರಿಗೆ ಕಾಲಿಟ್ಟರೆ ಪ್ರಾಂತ್ಯವೇ ಬೇರೆ! ಇದಕ್ಕೆ ಇಲ್ಲಿಯ ಜನರ ಒಪ್ಪಿಗೆಯನ್ನು ಯಾರೂ ಪಡೆಯಲಿಲ್ಲ. ಸಮುದ್ರ ಕೊಟ್ಟ ಉಪ್ಪಿಗೂ ಕರ ತೆರಬೇಕಿತ್ತು. 1930ರಲ್ಲಿ ಅಂಕೋಲೆಯಲ್ಲಿ ಜನ ಉಪ್ಪಿನ ಕಾನೂನನ್ನು ಮುರಿದರು. ಮುಂದೆ ಅಂಕೋಲಾ, ಸಿದ್ದಾಪುರಗಳ ರೈತರು ಕರ ಕೊಡದೆ ಜಮೀನು ಕಳೆದುಕೊಂಡರು. ಒಪ್ಪಿಗೆಯಿಲ್ಲದೆ ಆಳುವವರಿಗೆ ಕರ ಕೇಳುವ ಹಕ್ಕಿಲ್ಲ ಎಂಬುದನ್ನು ಅವರು ನಡೆದು ತೋರಿಸಿದರು.

1950ರ ಸಂವಿಧಾನ ಪರಮಾಧಿಕಾರವನ್ನು ಜನರ ಕೈಗಿತ್ತಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಕನ್ನಡಿಗರ ರಾಜ್ಯವನ್ನು ಸೇರಿತು. ಆಗ ಅದರ ಹೆಸರು ಮೈಸೂರು, 1973ರಲ್ಲಿ ಕರ್ನಾಟಕವಾಯಿತು. ಕೇಂದ್ರಕ್ಕೂ ರಾಜ್ಯಕ್ಕೂ ಕೆಲಸ ಹಂಚಿದ್ದನ್ನು ನಮ್ಮ ಮೀನುಗಾರರು ದಿನವೂ ಕಾಣುತ್ತಾರೆ: ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯದ್ದು, ಅದರಾಚೆ ಕೇಂದ್ರದ್ದು.

ಭೂಮಿ ರಾಜ್ಯದ ವಿಷಯ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ತಾಲೂಕಿನ ಭೂನ್ಯಾಯ ಮಂಡಳಿಗೆ ಅರ್ಜಿ ಕೊಟ್ಟು ಗೆದ್ದ ಗೇಣಿದಾರನ ಹೆಸರು ಮಾಲೀಕನ ಅಂಕಣಕ್ಕೆ ಬಂತು. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇಂದಿನ ಗಣಕೀಕೃತ ಪಹಣಿ ಸೋಜಿಗವೇನಲ್ಲ. ಆ ಅಂಕಣದಲ್ಲಿ ಹೆಸರು ಬದಲಾದದ್ದೇ ದೊಡ್ಡ ಸಂಗತಿ. ಅದನ್ನು ಮಾಡಿದ್ದು ಜನರು ಮತ ಹಾಕಿ ಆರಿಸಿದ ಸರಕಾರ. ಗೇಣಿಯ ಭಾರ ಇಳಿದ ಎಷ್ಟೋ ಮನೆಗಳ ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದರು.

ಕೆಲಸ ಇನ್ನೂ ಮುಗಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ನಮ್ಮ ಜಿಲ್ಲೆಯಲ್ಲಿ ಅರಣ್ಯಭೂಮಿ ಸಾಗುವಳಿ ಮಾಡುವ ಅನೇಕ ಕುಟುಂಬಗಳು ಹಕ್ಕುಪತ್ರಕ್ಕೆ ಕಾಯುತ್ತಿವೆ. ಕಾಡೂ ಉಳಿಯಬೇಕು, ಬಡವರ ಒಲೆಯೂ ಉರಿಯಬೇಕು. ಈ ಎರಡನ್ನೂ ತೂಗಿ ನ್ಯಾಯ ಕೊಡುವುದೇ ಸರಕಾರ ಇರುವುದರ ಉದ್ದೇಶ. ಹಾಗೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಚೆನ್ನಭೈರಾದೇವಿಯ ಪ್ರಜೆಗಳಿಗಿರಲಿಲ್ಲ, ಮನ್ರೋನ ರೈತರಿಗೂ ಇರಲಿಲ್ಲ. ನಮಗಿದೆ. ಸರಕಾರಿ ಶಾಲೆಯಲ್ಲಿ ಓದಿದ ನಾವು ಅದನ್ನು ಬಳಸಬೇಕು.