ಪರದೆಯ ಅನಿಮೇಷನ್ ಕೈಕೊಟ್ಟರೆ ಕಂಪ್ಯೂಟರ್ ಹಳೆಯದಾಗಿದೆ ಎಂದರ್ಥವೇ?

ನಾವೇ ಅಂದಗೊಳಿಸಿದ ಬಟನ್ ಮೇಲೆ ಮೌಸ್ ಇಟ್ಟ ಕೂಡಲೇ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ. ಇಲ್ಲವೇ ಏರಬೇಕಾದ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. "ಕಂಪ್ಯೂಟರ್ ಹಳೆಯದಾಯಿತು, ಗ್ರಾಫಿಕ್ಸ್ ಕಾರ್ಡ್ ಹಾಕಿಸಿ" ಎಂಬ ಸಲಹೆ ತಕ್ಷಣ ಬರುತ್ತದೆ. ಆದರೆ ಹೆಚ್ಚಿನ ಸಲ ತಪ್ಪು ಯಂತ್ರದ್ದಲ್ಲ, ನಾವು ಬರೆದ ಕೋಡ್‌ನದ್ದು.

ಒಂದು ಉದಾಹರಣೆ ನೋಡೋಣ. ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟ್‌ಗಳಿವೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಈ ನೀರಿನ ಮಟ್ಟವನ್ನು ಏರಿಳಿಯುವ ಪಟ್ಟಿಯಾಗಿ ತೋರಿಸುವ ಪ್ರೋಗ್ರಾಂ ಒಂದನ್ನು ಕಲಿಕೆಗಾಗಿ ಬರೆಯುತ್ತಿದ್ದೇವೆ ಎಂದುಕೊಳ್ಳಿ. ಬಳಸುತ್ತಿರುವುದು ಮೈಕ್ರೋಸಾಫ್ಟ್ 2006ರಲ್ಲಿ ತಂದ ಡಬ್ಲ್ಯೂಪಿಎಫ್.

1. ಹೆಪ್ಪುಗಟ್ಟಿದ ಬಣ್ಣ

ಮಟ್ಟ ಏರಿದಾಗ ಪಟ್ಟಿ ಹಸಿರಿನಿಂದ ಕೆಂಪಾಗಬೇಕು. ಆದರೆ ಬ್ರಷ್ 'ಫ್ರೀಜ್' ಆಗಿದೆ ಎಂಬ ದೋಷ ಸಂದೇಶ ಬರುತ್ತದೆ. 'ಬ್ರಷಸ್.ಗ್ರೀನ್'ನಂತಹ ಸಿದ್ಧ ಬ್ರಷ್‌ಗಳನ್ನು ಇಡೀ ಪ್ರೋಗ್ರಾಂ ಹಂಚಿಕೊಳ್ಳುತ್ತದೆ. ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗಬಾರದೆಂದು ಅವನ್ನು ಬೀಗ ಹಾಕಿ ಇಟ್ಟಿರುತ್ತಾರೆ. ಆ ಕಂಟ್ರೋಲ್‌ಗೇ ಹೊಸ ಸಾಲಿಡ್‌ಕಲರ್‌ಬ್ರಷ್ ಕೊಡಿ, ಅಥವಾ 'ಕ್ಲೋನ್' ಮಾಡಿ ಆ ಪ್ರತಿಯನ್ನು ಬಳಸಿ.

2. ಅಳತೆಯಿಲ್ಲದ ಅಗಲ

ಅಗಲವನ್ನು 'ಆಟೋ' ಎಂದು ಬಿಟ್ಟರೆ ಅದರ ಬೆಲೆ 'ಎನ್‌ಎಎನ್', ಅಂದರೆ ಸಂಖ್ಯೆಯೇ ಅಲ್ಲ. ಎಲ್ಲಿಂದ ಹೊರಡಬೇಕೆಂದು ಅನಿಮೇಷನ್‌ಗೆ ತಿಳಿಯುವುದಿಲ್ಲ. 'ಫ್ರಮ್' ಬೆಲೆ ಕೊಡಿ, ಇಲ್ಲವೇ ಮೊದಲೇ ಅಗಲ ನಿಗದಿಪಡಿಸಿ.

3. ವಿಳಾಸ ತಪ್ಪಿದ ಸ್ಟೋರಿಬೋರ್ಡ್

ಸ್ಟೈಲ್ ಒಳಗಿನ ಸ್ಟೋರಿಬೋರ್ಡ್‌ನಲ್ಲಿ 'ಟಾರ್ಗೆಟ್‌ನೇಮ್' ಬಳಸುವಂತಿಲ್ಲ. ಒಳಭಾಗವೊಂದನ್ನು ಹೆಸರಿಟ್ಟು ಚಲಿಸಬೇಕಿದ್ದರೆ ಅದನ್ನು ಕಂಟ್ರೋಲ್ ಟೆಂಪ್ಲೇಟ್‌ನ ಟ್ರಿಗರ್‌ಗಳಿಗೆ ಸ್ಥಳಾಂತರಿಸಿ.

4. ಸದ್ದಿಲ್ಲದ ತಪ್ಪು

ನಿಜವಾಗಿ ಅಪಾಯಕಾರಿಯಾದದ್ದು ಇದು, ಏಕೆಂದರೆ ಯಾವ ದೋಷ ಸಂದೇಶವೂ ಬರುವುದಿಲ್ಲ. ಪಟ್ಟಿ ಸೊಗಸಾಗಿ 1630ಕ್ಕೆ ಏರಿ ನಿಲ್ಲುತ್ತದೆ. ನಂತರ ಕೋಡ್ 1632 ಎಂದು ಬರೆದರೂ ಪರದೆಯಲ್ಲಿ 1630 ಹಾಗೇ ಉಳಿಯುತ್ತದೆ. ಅನಿಮೇಷನ್ ಮುಗಿದ ಮೇಲೂ ಕೊನೆಯ ಬೆಲೆಯನ್ನು ಹಿಡಿದುಕೊಂಡಿರುವುದು ಡಬ್ಲ್ಯೂಪಿಎಫ್‌ನ ಸಹಜ ನಡವಳಿಕೆ. ನಾವು ನೇರವಾಗಿ ಕೊಟ್ಟ ಬೆಲೆಗಿಂತ ಅನಿಮೇಷನ್‌ನ ಬೆಲೆಗೇ ಅಲ್ಲಿ ಆದ್ಯತೆ.

ಪರಿಹಾರ ಎರಡು. ಅಂತಿಮ ಬೆಲೆಯನ್ನು ಮೊದಲೇ ಬರೆದಿಟ್ಟು 'ಫಿಲ್‌ಬಿಹೇವಿಯರ್' ಅನ್ನು 'ಸ್ಟಾಪ್' ಮಾಡಿ. ಅಥವಾ ಹೊಸ ಬೆಲೆ ಬರೆಯುವಾಗ 'ಬಿಗಿನ್‌ಅನಿಮೇಷನ್'ಗೆ 'ನಲ್' ಕೊಟ್ಟು ಹಳೆಯ ಹಿಡಿತ ಬಿಡಿಸಿ.

5. ತಡವರಿಸುವ ಪರದೆ

ಕಡತ ಓದುವುದು, ನೆಟ್‌ವರ್ಕ್‌ನಿಂದ ಮಾಹಿತಿ ತರುವುದು ಮುಂತಾದ ನಿಧಾನದ ಕೆಲಸಗಳನ್ನು ಪರದೆ ನೋಡಿಕೊಳ್ಳುವ ಥ್ರೆಡ್‌ನಲ್ಲೇ ಮಾಡಿಸಿದರೆ ಅನಿಮೇಷನ್ ಮುಗ್ಗರಿಸುತ್ತದೆ. ಅವನ್ನು ಹಿನ್ನೆಲೆಗೆ ಕಳಿಸಿ. ಗ್ರಾಫಿಕ್ಸ್ ಕಾರ್ಡ್ ಮೇಲೆ ಅನುಮಾನ ಪಡುವುದು ಇದಾದ ನಂತರ.

ಚಲನೆ ಮುಖ್ಯವೋ, ಸಂಖ್ಯೆಯೋ?

2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಅದಕ್ಕೂ ಕಂಪ್ಯೂಟರ್ ಪರದೆಗೂ ಸಂಬಂಧವಿಲ್ಲ. ಆದರೆ ಅಂತಹ ರಾತ್ರಿಗಳಲ್ಲಿ ನದಿಪಾತ್ರದ ಜನರಿಗೆ ಬೇಕಾಗುವುದು ಆ ಕ್ಷಣದ ನಿಜವಾದ ಸಂಖ್ಯೆ, ಹತ್ತು ನಿಮಿಷ ಹಿಂದಿನದ್ದಲ್ಲ. ಆದ್ದರಿಂದ ಮಟ್ಟ, ಒತ್ತಡ, ರೋಗಿಯ ನಾಡಿಬಡಿತದಂತಹ ಮಾಹಿತಿ ತೋರಿಸುವಾಗ ಪಟ್ಟಿಯ ಪಕ್ಕದಲ್ಲೇ ಅಂಕಿಯನ್ನೂ, ಅದು ಬಂದ ಸಮಯವನ್ನೂ ಬರೆಯಿರಿ. ಆ ಅಂಕಿ ಅನಿಮೇಷನ್‌ನಿಂದಲ್ಲ, ನೇರವಾಗಿ ಮೂಲ ಮಾಹಿತಿಯಿಂದ ಬರಲಿ.

ಪರೀಕ್ಷಿಸುವ ಸುಲಭ ದಾರಿಯೂ ಇದೆ: ಅನಿಮೇಷನ್ ತೆಗೆದುಹಾಕಿ ಪ್ರೋಗ್ರಾಂ ನಡೆಸಿ. ಆಗ ಬೆಲೆ ಸರಿಯಾಗಿ ಬದಲಾದರೆ ತಪ್ಪು ಅನಿಮೇಷನ್‌ನಲ್ಲಿದೆ. ಆಗಲೂ ಬದಲಾಗದಿದ್ದರೆ ಹುಡುಕಬೇಕಾದದ್ದು ಮಾಹಿತಿ ಬರುವ ದಾರಿಯಲ್ಲಿ.