ಅಮ್ಮನ್ನ ನೋಡೋಕೆ ಬಂದವನೂ ಟೂರಿಸ್ಟಾ?

ಇವತ್ತು ಒಂದು ನಂಬರಿನ ಕಥೆ.

2014ರಲ್ಲಿ ಭಾರತಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 76.8 ಲಕ್ಷ. ಜಗತ್ತಿನ ಪಟ್ಟಿಯಲ್ಲಿ ನಮ್ಮ ಸ್ಥಾನ 41. ಅದೇ ವರ್ಷದ ಲೆಕ್ಕವನ್ನ ಇನ್ನೊಂದು ರೀತಿ ಹಾಕಿದಾಗ ಸಂಖ್ಯೆ 1.31 ಕೋಟಿ, ಸ್ಥಾನ 24! ಈ ನಡುವೆ ವಿಮಾನದಿಂದ ಒಬ್ಬರೂ ಹೆಚ್ಚಿಗೆ ಇಳಿದಿರಲಿಲ್ಲ. ಹಾಗಾದ್ರೆ ಆಗಿದ್ದೇನು?

ಸ್ವಲ್ಪ ಹಿಂದೆ, 1937ಕ್ಕೆ ಹೋಗೋಣ. ಆಗ ಲೀಗ್ ಆಫ್ ನೇಷನ್ಸ್‌ನ ಅಂಕಿಅಂಶ ತಜ್ಞರು ಒಂದು ನಿಯಮ ಮಾಡಿದ್ರು: ತಾನು ವಾಸ ಇರೋ ದೇಶ ಬಿಟ್ಟು ಬೇರೆ ದೇಶದಲ್ಲಿ ಕನಿಷ್ಠ 24 ಗಂಟೆ ಇದ್ದವನು ಪ್ರವಾಸಿ. ಮನೆಯವರನ್ನ ನೋಡೋಕೆ ಬಂದ್ರೂ ಸೈ. ಗಮನಿಸಿ, ಇಲ್ಲಿ ಪಾಸ್‌ಪೋರ್ಟ್‌ಗಿಂತ ವಾಸ ಮುಖ್ಯ. ಆದ್ರೆ ಭಾರತ ಬಹುಕಾಲ ವಿದೇಶಿ ಪಾಸ್‌ಪೋರ್ಟ್ ಇದ್ದವರನ್ನಷ್ಟೇ ಎಣಿಸ್ತಿತ್ತು. 2014ರಿಂದ ಅನಿವಾಸಿ ಭಾರತೀಯರೂ ಲೆಕ್ಕಕ್ಕೆ ಸೇರಿದ್ರು. ಅವರೇ 54 ಲಕ್ಷ.

ಅಂದ್ರೆ, ದುಬೈನಲ್ಲಿ ಕೆಲಸ ಮಾಡೋ ಮಂಗಳೂರಿನ ಹುಡುಗ ರಜೆಗೆ ಬಂದು, ಅಮ್ಮನ ಕೈಯಡುಗೆ ಉಂಡು ಹೋದ್ರೆ ಅವನೂ ಟೂರಿಸ್ಟೇ. ನಿಯಮದ ಪ್ರಕಾರ ಇದು ಸರಿ. ಆದ್ರೆ ಅವನು ಲಾಡ್ಜ್‌ನಲ್ಲಿ ರೂಮ್ ಮಾಡಲ್ಲ, ಗೈಡ್ ಕರೆಯಲ್ಲ. ಹಂಪಿಯ ಗೈಡ್‌ಗೆ ಆ 24ನೇ ಸ್ಥಾನದಿಂದ ಸಿಕ್ಕಿದ್ದೇನು?

ನಾನು ಓದಿದ್ದು ಬಿಕಾಂ. ಲೆಕ್ಕ ಬರೆಯೋ ಪದ್ಧತಿ ಬದಲಾದ ವರ್ಷವನ್ನ ಹಿಂದಿನ ವರ್ಷದ ಜೊತೆ ನೇರ ಹೋಲಿಸಬಾರದು ಅಂತ ಅಲ್ಲೇ ಕಲಿತದ್ದು. ಇನ್ಮೇಲೆ ರ‍್ಯಾಂಕ್ ಸುದ್ದಿ ಫಾರ್ವರ್ಡ್ ಮಾಡೋ ಮುಂಚೆ ಒಂದು ಪ್ರಶ್ನೆ ಕೇಳಿ: ಎಣಿಸಿದ್ದು ಯಾರನ್ನ?

ಮುಂದಿನ ಸಂಚಿಕೆಯಲ್ಲಿ ಸಿಗೋಣ.